ಹಾಸು ಹೊಸದು, ನಕ್ಷೆ ಹಳೆಯದು

ಗುಳೇದಗುಡ್ಡದ ಪೇಟೆಯಲ್ಲಿ ಒಂದು ಮೊಬೈಲ್ ದುರಸ್ತಿ ಅಂಗಡಿ. ಅಂಗಡಿ ಎನ್ನುವುದಕ್ಕಿಂತ ಗೂಡು ಎಂದರೆ ಸರಿ. ಒಳಗೆ ಒಬ್ಬ ಹುಡುಗ, ಹೊರಗೆ ಒಂದು ಬೆಂಚು. ಖಣ ನೇಯುವವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಲು ಆ ಊರಿಗೆ ಹೋಗಿದ್ದೆ. ನನ್ನ ಹಳೆಯ ಫೋನು ಮೂವತ್ತು ಪರ್ಸೆಂಟ್ ಚಾರ್ಜ್ ತೋರಿಸುತ್ತಿರುವಾಗಲೇ ಕಣ್ಣು ಮುಚ್ಚಿಬಿಡುತ್ತಿತ್ತು. ಮಾತು ರಂಗೇರಿದ ಹೊತ್ತಿಗೆ ಸರಿಯಾಗಿ ಹೀಗಾಗುವುದು. ಹುಡುಗ ಫೋನನ್ನು ಬೆಳಕಿಗೆ ಅಡ್ಡ ಹಿಡಿದು ನೋಡಿದ.

"ಬ್ಯಾಟರಿ ಉಬ್ಬೈತ್ರಿ ಸರ್. ಬದಲಿ ಮಾಡಬೇಕು. ಅಪ್‌ಡೇಟೂ ಬಾಳ ದಿನದ್ದು ಬಾಕಿ ಐತಿ, ಅದನ್ನೂ ಮಾಡಿಬಿಡ್ಲೇನ್ರಿ?"

"ಬ್ಯಾಡ ತಮ್ಮಾ, ಬ್ಯಾಟರಿ ಅಷ್ಟ ಹಾಕು. ಒಳಗಿಂದು ಏನೂ ಮುಟ್ಟಬ್ಯಾಡ."

ನನ್ನ ಹೆದರಿಕೆಗೆ ಕಾರಣವಿತ್ತು. ಆ ಫೋನಿನಲ್ಲಿ ಆರು ವರ್ಷಗಳ ಧ್ವನಿಮುದ್ರಣಗಳಿದ್ದವು. ಅವನ್ನು ಮಾಡಿಕೊಂಡಿದ್ದ ಸಣ್ಣ ಆ್ಯಪ್ ಹೊಸ ಆವೃತ್ತಿಯಲ್ಲಿ ನಡೆಯುವುದಿಲ್ಲ ಎಂದು ಗೊತ್ತಾಗಿತ್ತು. ಇದಕ್ಕಿಂತ ಹಿಂದಿನ ಇನ್ನೊಂದು ಫೋನು ಒಂದು ರಾತ್ರಿಯ ಅಪ್‌ಡೇಟ್ ಆದ ಮೇಲೆ ಬೆಳಿಗ್ಗೆ ಮುದಿ ಎತ್ತಿನಂತೆ ಕಾಲೆಳೆಯತೊಡಗಿದ್ದನ್ನೂ ಕಂಡಿದ್ದೆ. ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ನಮ್ಮ ಮಾತು ಕೇಳಿ ನಕ್ಕರು. ಅವರು ನೇಕಾರರು. ತಮ್ಮ ಮೊಮ್ಮಗಳ ಫೋನಿಗೆ ಗಾಜು ಹಾಕಿಸಲು ಬಂದಿದ್ದರು. "ನಾವೂ ಹಂಗ ಮಾಡತೀವ್ರಿ. ಹಾಸು ತೀರಿತಂದ್ರ ಹೊಸಾ ಹಾಸು ಕೆಚ್ಚತೀವಿ. ನಕ್ಷಿ ಎಳಿ ಬಿಚ್ಚಂಗಿಲ್ಲ."

ಅವರು ಹೇಳಿದ್ದು ಗಾದೆಯಲ್ಲ, ಕಸುಬಿನ ಒಂದು ಕ್ರಮ. ಮಗ್ಗದ ಮೇಲಿನ ಹಾಸು ನೇಯ್ದು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ತೆಗೆದು ಹಾಕುವುದಿಲ್ಲ. ಕೊನೆಯ ಗೇಣು ಎಳೆಗಳು ಹಣಿಗೆಯಲ್ಲಿ, ಹಿಂದಿನ ನೂಲಿನ ಕಣ್ಣುಗಳಲ್ಲಿ ಪೋಣಿಸಿಕೊಂಡೇ ಇರುತ್ತವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ಒಂದೊಂದು ಎಳೆಗೆ ಬೆರಳಲ್ಲಿ ಹೊಸೆದು ಕೂಡಿಸುತ್ತಾರೆ. ಇದಕ್ಕೆ ಕೆಚ್ಚುವುದು ಎಂದು ಹೆಸರು. ಸಾವಿರಗಟ್ಟಲೆ ಎಳೆ. ಕೂಡಿಸಿದ ಮೇಲೆ ಮೆಲ್ಲಗೆ ಎಳೆದರೆ ಹೊಸ ನೂಲು ಹಳೆಯ ದಾರಿಯಲ್ಲೇ ಬಂದು ಕೂರುತ್ತದೆ. ಯಾವ ಎಳೆ ಯಾವಾಗ ಮೇಲೇಳಬೇಕು, ಯಾವಾಗ ಕೆಳಗಿಳಿಯಬೇಕು ಎಂಬ ಏರ್ಪಾಡು ಎಳ್ಳಷ್ಟೂ ಕದಲುವುದಿಲ್ಲ. ಖಣದ ನಕ್ಷೆ ಹೊಕ್ಕಿನಲ್ಲಿಲ್ಲ, ಹಾಸಿನ ಹೆಚ್ಚುವರಿ ಎಳೆಗಳಲ್ಲಿದೆ. ಆದ್ದರಿಂದ ಈ ಏರ್ಪಾಡು ಕೆಟ್ಟರೆ ತೇರೂ ಇಲ್ಲ, ಆನೆ ಹೆಜ್ಜೆಯೂ ಇಲ್ಲ, ಸೂರ್ಯನಾರಾಯಣನೂ ಇಲ್ಲ.

ಈ ಏರ್ಪಾಡಿಗೆ ಇವತ್ತಿನ ಭಾಷೆಯಲ್ಲಿ ಸಾಫ್ಟ್‌ವೇರ್ ಎನ್ನಬಹುದು. ಇದು ಹೋಲಿಕೆಯ ಚಮತ್ಕಾರವಲ್ಲ, ಇತಿಹಾಸವೇ ಹಾಗಿದೆ. ಖಣದ ಮಗ್ಗಕ್ಕೆ ಕೂರಿಸುವ ಡಾಬಿ ಎಂಬ ಸಾಧನದಲ್ಲಿ ಮರದ ಪಟ್ಟಿಗಳಿಗೆ ಸಣ್ಣ ಗೂಟಗಳನ್ನು ಬಡಿದು ನಕ್ಷೆಯನ್ನು ಬರೆದಿಡುತ್ತಾರೆ. ಗೂಟವಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ಇದೇ ಕೆಲಸಕ್ಕೆ ತೂತು ಕೊರೆದ ರಟ್ಟುಗಳ ಸರವನ್ನು ಬಳಸಿದ. ಆ ರಟ್ಟುಗಳನ್ನು ನೋಡಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಲೆಕ್ಕ ಮಾಡುವ ಯಂತ್ರದ ಕನಸು ಕಂಡ. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ತೂತಿನ ರಟ್ಟುಗಳಲ್ಲೇ ಎಣಿಸಿದ. ಕಂಪ್ಯೂಟರಿನ ವಂಶವೃಕ್ಷದಲ್ಲಿ ನೇಕಾರನೊಬ್ಬ ಕೂತಿದ್ದಾನೆ ಎಂಬುದನ್ನು ಸಾಫ್ಟ್‌ವೇರಿನವರು ಮರೆತಿರಬಹುದು.

ಗುಳೇದಗುಡ್ಡದ ಮಗ್ಗ ಬದಲಾಗಲೇ ಇಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕೈಯಿಂದ ನೂತ ನೂಲಿನ ಜಾಗಕ್ಕೆ ಗಿರಣಿಯ ನೂಲು ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜರ್ಮನಿಯ ರಾಸಾಯನಿಕ ಬಣ್ಣಗಳು ಭಾರತದ ಪೇಟೆಗಳನ್ನು ತುಂಬಿದವು. ಗಿಡ ಬೇರುಗಳ ಬಣ್ಣ ಹಿಂದೆ ಸರಿಯಿತು. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಮಾಡಿದ ಹಾರುವ ಲಾಳಿ ನಮ್ಮ ಕಡೆಯ ಮಗ್ಗಗಳನ್ನು ತಲುಪಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದನ್ನು ಕರ್ನಾಟಕಕ್ಕೆ ಪರಿಚಯಿಸಿದವರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಯವರು ಮುಖ್ಯರು. 1851ರಲ್ಲಿ ಅಲ್ಲಿಗೆ ಬಂದ ಹಾಲರ್ ಎಂಬ ನೇಯ್ಗೆಗಾರ ಖಾಕಿ ಬಣ್ಣದ ಬಟ್ಟೆಯನ್ನು ರೂಢಿಗೆ ತಂದವನೆಂದು ಹೇಳುವುದುಂಟು. ಅದೇ ವರ್ಷ ಮಿಶನ್ನು ಗುಳೇದಗುಡ್ಡದಲ್ಲಿಯೂ ಒಂದು ಕೇಂದ್ರವನ್ನು ತೆರೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಪಕ್ಕದ ಇಳಕಲ್ಲಿನ ಸೀರೆಗೆ ರೇಷ್ಮೆಯ ಬದಲು ಚಮಕಾ ಎಂಬ ಕೃತಕ ರೇಷ್ಮೆ ಸೇರಿತು. ಖಣವೂ ಅದನ್ನು ಒಪ್ಪಿಕೊಂಡಿತು.

ಇಷ್ಟೆಲ್ಲ ಬದಲಾದರೂ ಖಣ ಖಣವಾಗಿಯೇ ಉಳಿಯಿತು. ಉಡಿ ತುಂಬಲು ಮೂಲೆಯಾಕಾರದಲ್ಲಿ ಮಡಿಸಿಟ್ಟ ಖಣವನ್ನು ನಮ್ಮ ಕಡೆ ಜಾತಿ ಮತ ಕೇಳದೆ ಎಲ್ಲ ಮನೆಯ ಹೆಂಗಸರೂ ಗುರುತಿಸುತ್ತಾರೆ. ಕಾರಣ ಸರಳ. ಲಾಳಿ ಬದಲಿಸುವುದು ಬೇರೆ ತೀರ್ಮಾನ, ನಕ್ಷೆ ಬದಲಿಸುವುದು ಬೇರೆ ತೀರ್ಮಾನ. ಲಾಳಿ ಮಾರಿದವನು ನಕ್ಷೆಗೆ ಕೈ ಹಾಕಲಿಲ್ಲ. ಬಣ್ಣ ಮಾರಿದ ಜರ್ಮನ್ ಕಂಪನಿ ರಾತ್ರಿ ಬಂದು ಗೂಟ ಕಿತ್ತು ಹಾಕಲಿಲ್ಲ.

ನಮ್ಮ ಊರುಗಳ ದುರಸ್ತಿ ಕಸುಬುಗಳೆಲ್ಲ ಈ ನಂಬಿಕೆಯ ಮೇಲೇ ನಿಂತಿದ್ದವು. ಪಿಂಜಾರರು, ನದಾಫರು ಬಿಲ್ಲು ಹೊತ್ತು ಬಂದು ಅಂಗಳದಲ್ಲಿ ಕೂರುತ್ತಿದ್ದರು. ಗಂಟುಗಟ್ಟಿದ ಗಾದಿಯ ಹತ್ತಿಯನ್ನು ತೆಗೆದು ಹಿಂಜಿ, ಮೋಡದಂತೆ ಹಗುರ ಮಾಡಿ, ಅದೇ ಗವುಸಿಗೆ ತುಂಬಿ ಹೊಲಿದು ಕೊಡುತ್ತಿದ್ದರು. ಕಲಾಯಿಯವರು ತಾಮ್ರದ ಹಂಡೆಗೆ ಒಳಗೆ ತವರ ಬಳಿದು ಕೊಡುತ್ತಿದ್ದರು. ಹಂಡೆ ಮಾತ್ರ ಅಜ್ಜಿಯದೇ. ಆಮೇಲೆ ಸೈಕಲ್ಲು, ಗಡಿಯಾರ, ರೇಡಿಯೋ. ಈಗ ಮೊಬೈಲು. ಮಗ್ಗದ ಮನೆಯ ಮಕ್ಕಳು ಸಣ್ಣ ಸ್ಕ್ರೂ ಡ್ರೈವರ್ ಹಿಡಿದಿದ್ದಾರೆ. ಎಳೆ ಹಿಡಿದ ಬೆರಳಿಗೆ ಈ ಕೆಲಸ ಒಗ್ಗುತ್ತದೆ ಎಂದು ಆ ಹುಡುಗನನ್ನು ನೋಡುತ್ತ ಅನ್ನಿಸಿತು.

ಮೊಬೈಲು ಮೊದಲು ಬಂದಾಗ ಬ್ಯಾಟರಿ ಬದಲಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಜಪಾನಿನ ಸೋನಿ ಕಂಪನಿ 1991ರಲ್ಲಿ ಪೇಟೆಗೆ ತಂದಿತು. ಅದನ್ನು ರೂಪಿಸಿದ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. 2003ರಲ್ಲಿ ಬಂದ ನೋಕಿಯಾ 1100 ನಮ್ಮ ಹಳ್ಳಿಗಳಲ್ಲಿ ಟಾರ್ಚಿನ ಫೋನ್ ಎಂದೇ ಹೆಸರಾಯಿತು. ಅದರ ಹಿಂದಿನ ಮುಚ್ಚಳವನ್ನು ಹೆಬ್ಬೆರಳಿಂದ ಒತ್ತಿ ಜಾರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ರೇಡಿಯೋಗೆ ಸೆಲ್ ಹಾಕಿದಷ್ಟೇ ಸುಲಭ.

2007ರ ಆಗಸ್ಟ್ ತಿಂಗಳ ಗದ್ದಲವನ್ನು ಓದುಗರಲ್ಲಿ ಹಲವರು ಮರೆತಿರಲಿಕ್ಕಿಲ್ಲ. ನೋಕಿಯಾದ ಬಿಎಲ್-5ಸಿ ಬ್ಯಾಟರಿಗಳಲ್ಲಿ ಮತ್ಸುಶಿತಾ ಕಂಪನಿ ತಯಾರಿಸಿದ 4 ಕೋಟಿ 60 ಲಕ್ಷ ಬ್ಯಾಟರಿಗಳು ಚಾರ್ಜಿಗಿಟ್ಟಾಗ ಮಿತಿಮೀರಿ ಬಿಸಿಯಾಗಬಹುದು ಎಂದು ಕಂಪನಿಯೇ ಪ್ರಕಟಿಸಿತು. ಫೋನು ಸಿಡಿಯುತ್ತದೆ ಎಂಬ ಸುದ್ದಿ ಊರೂರು ಸುತ್ತಿತು. ಜನ ಮುಚ್ಚಳ ತೆಗೆದು, ಬ್ಯಾಟರಿಯ ಬೆನ್ನ ಮೇಲಿನ ಇಪ್ಪತ್ತಾರು ಅಕ್ಷರಗಳ ಸಂಖ್ಯೆಯನ್ನು ಕಣ್ಣು ಕಿರಿದು ಮಾಡಿ ಓದಿದರು. ದೋಷವಿದ್ದವರಿಗೆ ಕಂಪನಿ ಪುಕ್ಕಟೆಯಾಗಿ ಹೊಸ ಬ್ಯಾಟರಿ ಕೊಟ್ಟಿತು. ಫೋನಿನ ಒಳಗಿನ ಹೆಸರುಗಳು, ಹಾವಿನ ಆಟ, ಮೆಸೇಜುಗಳು ಇದ್ದಲ್ಲೇ ಇದ್ದವು. ದೋಷ ಬ್ಯಾಟರಿಯಲ್ಲಿತ್ತು, ಬ್ಯಾಟರಿ ಬದಲಾಯಿತು, ಕತೆ ಮುಗಿಯಿತು.

ಅದೇ 2007ರಲ್ಲಿ ಅಮೆರಿಕದಲ್ಲಿ ಆ್ಯಪಲ್ ಕಂಪನಿಯ ಐಫೋನ್ ಬಂತು. ಅದರ ಬ್ಯಾಟರಿಗೆ ಮುಚ್ಚಳವಿರಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಬೆನ್ನನ್ನು ಅಂಟು ಹಾಕಿ ಮುಚ್ಚಿದವು. ತೆಳುವಾಗಿರಲಿ, ನೀರು ಹೋಗದಿರಲಿ ಎಂದು ಕಾರಣ ಕೊಟ್ಟವು. ಈ ಕಾರಣಗಳಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಮುಚ್ಚಳದ ಜೊತೆಗೆ ಇನ್ನೊಂದು ಮುಚ್ಚಿಹೋಯಿತು. ಬ್ಯಾಟರಿಯ ಲಗಾಮು ಸಾಫ್ಟ್‌ವೇರಿನ ಕೈಗೆ ಹೋಯಿತು.

ಇದರ ಉಗ್ರ ರೂಪ ಕಂಡದ್ದು 2016ರಲ್ಲಿ. ಸ್ಯಾಮ್‌ಸಂಗ್ ಕಂಪನಿಯ ನೋಟ್ 7 ಫೋನುಗಳಿಗೆ ಬೆಂಕಿ ಹತ್ತತೊಡಗಿತು. ಬ್ಯಾಟರಿ ಬಿಚ್ಚಿ ಕೊಡಿ ಎನ್ನಲು ಬರುವಂತಿರಲಿಲ್ಲ, ಫೋನನ್ನೇ ವಾಪಸು ಕೇಳಬೇಕಾಯಿತು. ಕೊಡದೆ ಇಟ್ಟುಕೊಂಡವರ ಫೋನುಗಳಿಗೆ ಅಮೆರಿಕದಲ್ಲಿ ಡಿಸೆಂಬರ್ ತಿಂಗಳು ಒಂದು ಅಪ್‌ಡೇಟ್ ಹೋಯಿತು. ಅದು ಸೇರಿದ ಮೇಲೆ ಫೋನು ಚಾರ್ಜ್ ಆಗುವುದೇ ನಿಂತಿತು. ಪ್ರಾಣಾಪಾಯವಿದ್ದಾಗ ಇದು ಸರಿಯಾದ ಕ್ರಮವೇ. ಆದರೆ ಕೊಂಡ ವಸ್ತುವಿನ ಉಸಿರನ್ನು ಮಾರಿದವನು ದೂರದಿಂದ ನಿಲ್ಲಿಸಬಲ್ಲ ಎಂಬ ಸಂಗತಿ ಅವತ್ತು ಜಗತ್ತಿಗೆ ಖಾತ್ರಿಯಾಯಿತು.

ಮರುವರ್ಷದ ಪ್ರಕರಣದಲ್ಲಿ ಪ್ರಾಣಾಪಾಯವಿರಲಿಲ್ಲ. ಲಿಥಿಯಂ ಬ್ಯಾಟರಿ ನೂರಾರು ಸಲ ತುಂಬಿ ಬರಿದಾದ ಮೇಲೆ ಎರಡು ರೀತಿ ಮುಪ್ಪಾಗುತ್ತದೆ. ಹಿಡಿಯುವ ವಿದ್ಯುತ್ತು ಕಡಿಮೆಯಾಗುತ್ತದೆ, ಒಳಗಿನ ತಡೆ ಹೆಚ್ಚುತ್ತದೆ. ಕ್ಯಾಮೆರಾ ತೆರೆದಾಗ, ಆಟ ಶುರು ಮಾಡಿದಾಗ ಫೋನು ಒಮ್ಮೆಲೇ ಹೆಚ್ಚು ವಿದ್ಯುತ್ತು ಬೇಡುತ್ತದೆ. ಮುದಿ ಬ್ಯಾಟರಿ ಕೊಡಲಾರದೆ ವೋಲ್ಟೇಜ್ ಕುಸಿಯುತ್ತದೆ, ಫೋನು ಆರಿಹೋಗುತ್ತದೆ. ನನ್ನ ಫೋನಿನ ಮೂವತ್ತು ಪರ್ಸೆಂಟಿನ ಗುಟ್ಟು ಇದೇ. ಇದಕ್ಕೆ ಆ್ಯಪಲ್ 2017ರ ಜನವರಿಯಲ್ಲಿ ತನ್ನ ಅಪ್‌ಡೇಟಿನ ಒಳಗೆ ಒಂದು ಉಪಾಯ ಸೇರಿಸಿತು. ಬ್ಯಾಟರಿ ಹಳತಾದ ಐಫೋನ್ 6, 6ಎಸ್ ಮುಂತಾದ ಫೋನುಗಳ ವೇಗವನ್ನೇ ತಗ್ಗಿಸುವ ಉಪಾಯ. ಆರಿಹೋಗುವುದು ಕಡಿಮೆಯಾಯಿತು. ಆದರೆ ಫೋನು ಯಾಕೆ ನಿಧಾನವಾಯಿತು ಎಂದು ಕೊಂಡವರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಫೋನಿಗೆ ವಯಸ್ಸಾಯಿತೆಂದು ತಿಳಿದು ಎಷ್ಟೋ ಜನ ಹೊಸದನ್ನು ಕೊಂಡಿರಬೇಕು.

ಗುಟ್ಟು ಹೊರಬಂದದ್ದು ಬ್ಯಾಟರಿ ಬದಲಿಸಿದವರೊಬ್ಬರಿಂದ. ಬೇರೇನನ್ನೂ ಮುಟ್ಟದೆ ಬರೀ ಬ್ಯಾಟರಿ ಹೊಸದು ಹಾಕಿದಾಗ ಫೋನಿನ ವೇಗ ಮರಳಿ ಬಂದದ್ದನ್ನು ಅವರು ಅಳತೆ ಮಾಡಿ ತೋರಿಸಿದರು. 2017ರ ಡಿಸೆಂಬರ್ 18ರಂದು ಜಾನ್ ಪೂಲ್ ಎಂಬ ತಂತ್ರಜ್ಞ ಇಂಥ ಅನೇಕ ಫೋನುಗಳ ಅಂಕಿ ಅಂಶಗಳನ್ನು ಪ್ರಕಟಿಸಿದ. ಎರಡೇ ದಿನದಲ್ಲಿ ಕಂಪನಿ ಒಪ್ಪಿಕೊಂಡಿತು, ವರ್ಷ ಮುಗಿಯುವುದರೊಳಗೆ ಕ್ಷಮೆ ಕೇಳಿತು. 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯ ದರವನ್ನು 29ಕ್ಕೆ ಇಳಿಸಿತು. 2020ರ ಫೆಬ್ರವರಿಯಲ್ಲಿ ಫ್ರಾನ್ಸ್ ಈ ಕಾರಣಕ್ಕಾಗಿ 2.5 ಕೋಟಿ ಯೂರೋ ದಂಡ ಹಾಕಿತು. ಅಮೆರಿಕದ ಮೊಕದ್ದಮೆಯಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆಯೇ 50 ಕೋಟಿ ಡಾಲರ್ ವರೆಗೆ ಕೊಡಲು ರಾಜಿಯಾಯಿತು. ಇಟಲಿ ಇನ್ನೂ ಮೊದಲೇ, 2018ರಲ್ಲಿ, ಆ್ಯಪಲ್ ಜೊತೆಗೆ ಸ್ಯಾಮ್‌ಸಂಗಿಗೂ ದಂಡ ವಿಧಿಸಿತ್ತು. ಹಳೆಯ ಫೋನುಗಳಿಗೆ ಭಾರವಾಗುವ ಅಪ್‌ಡೇಟ್ ಹಾಕಿಸಿದರು ಎಂಬುದು ಅಲ್ಲಿಯ ಆರೋಪ.

ಈ ಪ್ರಕರಣವನ್ನು ಬಹಳ ಮಂದಿ ಕಂಪನಿಯ ದುರಾಸೆಯ ಕತೆಯಾಗಿ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಬ್ಯಾಟರಿ ಒಂದನ್ನೇ ಬದಲಿಸಿದರೆ ಹಳೆಯ ಫೋನು ಹಳೆಯ ಸಾಫ್ಟ್‌ವೇರಿನಲ್ಲೇ ಚೆನ್ನಾಗಿ ಓಡುತ್ತದೆ ಎಂಬ ಸತ್ಯವನ್ನು ಕಂಡುಹಿಡಿಯಲು ಜಗತ್ತಿಗೆ ಇಷ್ಟು ಗದ್ದಲ ಬೇಕಾಯಿತು. ಬೆಂಚಿನ ಮೇಲಿನ ನೇಕಾರರಿಗೆ ಇದು ದಿನನಿತ್ಯದ ತಿಳಿವಳಿಕೆ.

ಗದ್ದಲದ ನಂತರ ಎಲ್ಲ ಸರಿಹೋಯಿತು ಎಂದೇನೂ ಇಲ್ಲ. 2018ರ ನಂತರದ ಐಫೋನುಗಳಲ್ಲಿ ಹೊರಗಿನ ಅಂಗಡಿಯವರು ಬ್ಯಾಟರಿ ಹಾಕಿದರೆ ಅಸಲಿ ಎಂದು ಖಚಿತಪಡಿಸಲಾಗದು ಎಂಬ ಎಚ್ಚರಿಕೆ ಪರದೆಯ ಮೇಲೆ ಬರತೊಡಗಿತು. ಗೂಗಲ್ ಕಂಪನಿ 2025ರ ಜನವರಿಯಲ್ಲಿ ತನ್ನ ಪಿಕ್ಸೆಲ್ 4ಎ ಫೋನುಗಳಿಗೆ ತಾನಾಗಿಯೇ ಸೇರಿಕೊಳ್ಳುವ ಅಪ್‌ಡೇಟ್ ಕಳಿಸಿತು. ಕೆಲವು ಫೋನುಗಳಲ್ಲಿ ಅದು ಬ್ಯಾಟರಿ ಹಿಡಿಯುವ ಚಾರ್ಜನ್ನೇ ಕಡಿತಗೊಳಿಸಿತು. 2007ರಲ್ಲಿ ಹೊಸ ಬ್ಯಾಟರಿ ಅಂಚೆಯಲ್ಲಿ ಬಂದ ಜಾಗಕ್ಕೆ ಹದಿನೆಂಟು ವರ್ಷಗಳ ನಂತರ ಬಂದದ್ದು ಇದು. ಕಂಪನಿ ಪುಕ್ಕಟೆ ಬ್ಯಾಟರಿಯನ್ನೂ ಪರಿಹಾರವನ್ನೂ ಕೊಟ್ಟಿತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಕಡಿತ ಮಾತ್ರ ಕೇಳದೆ ತಾನಾಗಿಯೇ ಬಂತು.

ಹಾಗೆಂದು ಅಪ್‌ಡೇಟ್ ಮಾಡದಿರುವುದೇ ಜಾಣತನ ಎಂದು ನಾನು ವಾದಿಸುತ್ತಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ಸು ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಒತ್ತೆಯಾಗಿ ಹಿಡಿಯಿತು, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ನಿಂತಿತು. ಅದನ್ನು ತಡೆಯುವ ಅಪ್‌ಡೇಟ್ ಎರಡು ತಿಂಗಳ ಮೊದಲೇ ಬಂದಿತ್ತು, ಹಾಕಿಕೊಂಡಿರದವರು ಸಿಕ್ಕಿಬಿದ್ದರು. ಹಳೆಯ ಸಾಫ್ಟ್‌ವೇರಿನ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದೆಂದರೆ ಅಗಳಿಯಿಲ್ಲದ ಬಾಗಿಲಿನ ಮನೆಯಲ್ಲಿ ಚಿನ್ನ ಇಟ್ಟಂತೆ. ಇನ್ನೊಂದು ಕಷ್ಟವೂ ಇದೆ. ಊರೆಲ್ಲ ಬದಲಾದಾಗ ಒಬ್ಬನೇ ಹಳೆಯದರಲ್ಲಿ ನಿಲ್ಲಲಾಗದು. 2025ರಲ್ಲಿ ವಾಟ್ಸಾಪ್ ಹಳೆಯ ಐಫೋನುಗಳಲ್ಲಿ ನಡೆಯುವುದು ನಿಂತಿತು. ಐಫೋನ್ 6ಕ್ಕೆ ಎಷ್ಟೇ ಹೊಸ ಬ್ಯಾಟರಿ ಹಾಕಿದರೂ ಅದರಲ್ಲಿ ಇನ್ನು ವಾಟ್ಸಾಪ್ ಇಲ್ಲ.

ನೇಕಾರರಿಗೆ ಈ ಕಷ್ಟ ಹೊಸದಲ್ಲ. ಹಾರುವ ಲಾಳಿಯನ್ನು, ಚಮಕಾವನ್ನು ಅವರು ಬೇಕೆಂದು ತಂದುಕೊಂಡರು. ವಿದ್ಯುತ್ ಮಗ್ಗವನ್ನು ಬೇಡವೆಂದು ಹೇಳುವ ಅವಕಾಶ ಬಹಳ ಮಂದಿಗೆ ಸಿಗಲಿಲ್ಲ. ಪಕ್ಕದ ಊರಿನ ವಿದ್ಯುತ್ ಮಗ್ಗ ಅದೇ ತೇರು, ಅದೇ ಆನೆ ಹೆಜ್ಜೆಯನ್ನು ಅರ್ಧ ಬೆಲೆಗೆ ಹಾಕತೊಡಗಿದರೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವನ ಆಯ್ಕೆಗೆ ಅರ್ಥವಿರುವುದಿಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆಯನ್ನು ಕೇಂದ್ರ ಸರಕಾರ 1985ರಲ್ಲಿ ತಂದಿತು. ಮೊದಲು 22 ಬಗೆ ಇದ್ದದ್ದು ಆಮೇಲೆ 11ಕ್ಕಿಳಿಯಿತು. ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಮಗ್ಗದ ಮನೆಯ ಮಕ್ಕಳು ಗೋವಾ, ಮಂಗಳೂರು, ಪುಣೆಯ ಬಸ್ಸು ಹತ್ತುವುದು ನಿಂತಿಲ್ಲ.

ಫೋನಿನ ವಿಷಯದಲ್ಲಿ ಕಾನೂನು ಈಗಷ್ಟೇ ಕಣ್ಣು ಬಿಡುತ್ತಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ನಿಯಮದಂತೆ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ಇದಕ್ಕೆ ಕೆಲವು ವಿನಾಯಿತಿಗಳಿವೆ. 2025ರ ಜೂನ್ 20ರಿಂದ ಅಲ್ಲಿ ಜಾರಿಯಾದ ಇನ್ನೊಂದು ನಿಯಮ, ಮಾದರಿಯೊಂದರ ಮಾರಾಟ ನಿಂತ ಮೇಲೂ 7 ವರ್ಷ ಬಿಡಿಭಾಗಗಳು ಸಿಗಬೇಕು ಎನ್ನುತ್ತದೆ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ರಂದು ಒಂದು ಜಾಲತಾಣ ತೆರೆಯಿತು. ಅದರಲ್ಲಿ ಕಂಪನಿಗಳು ಸೇವಾ ಕೇಂದ್ರಗಳ, ಬಿಡಿಭಾಗಗಳ ವಿವರ ಹಾಕುತ್ತವೆ. ಗುಳೇದಗುಡ್ಡದ ಗೂಡಂಗಡಿಯಂಥವು ಈ ಚಿತ್ರದಲ್ಲಿ ಎಲ್ಲಿ ಬರುತ್ತವೆ ಎಂದು ಯಾರೂ ಕೇಳಿದಂತಿಲ್ಲ. ನಮ್ಮ ದೇಶದ ಫೋನುಗಳು ದುರಸ್ತಿಯಾಗುವುದು ಬಹುಪಾಲು ಇಂಥ ಕಡೆ. ಮೂಲ ಬ್ಯಾಟರಿ, ದುರಸ್ತಿಯ ಪುಸ್ತಕ ಇವರಿಗೂ ಸಿಗಬೇಕೆಂಬ ಮಾತು ಬರುವವರೆಗೆ ದುರಸ್ತಿಯ ಹಕ್ಕು ಎಂಬುದು ನಗರದ ದೊಡ್ಡ ಅಂಗಡಿಗಳ ಹಕ್ಕಾಗಿಯೇ ಉಳಿಯುತ್ತದೆ.

ಹುಡುಗ ಕೆಲಸ ಶುರು ಮಾಡಿದ. ಮೊದಲು ನನ್ನ ಧ್ವನಿಮುದ್ರಣಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಇಳಿಸಿ ಕೊಟ್ಟ. ಬ್ಯಾಟರಿ ಬದಲಿಸಿದರೆ ಒಳಗಿನದು ಅಳಿಯುವುದಿಲ್ಲ, ಆದರೂ ಬಿಚ್ಚಿದ ವಸ್ತುವನ್ನು ನಂಬಬಾರದು ಎಂದ. ಬೆನ್ನನ್ನು ಬಿಸಿ ಮಾಡಿ, ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಅಂಟು ಬಿಡಿಸಿದ. ಉಬ್ಬಿದ ಬ್ಯಾಟರಿಗೆ ಲೋಹದ ಚೂಪು ತಾಗದಂತೆ ಬಹಳ ಹೊತ್ತು ತಗೊಂಡು ಎತ್ತಿದ. ಚುಚ್ಚಿದರೆ ಬೆಂಕಿಯಂತೆ. ಹೊಸದನ್ನು ಕೂರಿಸಿ ಫೋನು ಹಚ್ಚಿದ ಮೇಲೆ ನನಗೆ ಗೊತ್ತಿರದ ಒಂದು ಮಾತು ಹೇಳಿದ.

"ಈಗ ಹುಷಾರಿರಬೇಕ್ರಿ ಸರ್. ಇಷ್ಟು ದಿನ ಚಾರ್ಜ್ ನಿಲ್ಲತಿದ್ದಿಲ್ಲ, ಅದಕ್ಕ ಅಪ್‌ಡೇಟ್ ತಡದು ಕುಂತಿತ್ತು. ಈಗ ಬ್ಯಾಟರಿ ಗಟ್ಟಿ ಆತು. ರಾತ್ರಿ ಚಾರ್ಜಿಗೆ ಹಚ್ಚಿ ಮಲಗಿದ್ರಂದ್ರ ತಾನ ಹಾಕ್ಕೊಂಡು ಕುಂದರತೈತಿ."

ಮುದಿ ಬ್ಯಾಟರಿಯೇ ಇಷ್ಟು ದಿನ ನನ್ನ ಹಳೆಯ ನಕ್ಷೆಯನ್ನು ಕಾದಿತ್ತು ಎಂದಾಯಿತು. ಅವನು ಸೆಟ್ಟಿಂಗಿಗೆ ಹೋಗಿ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿದ. ಆಗಲೇ ಇಳಿದು ಕೂತಿದ್ದ ಕಡತವನ್ನೂ ಹುಡುಕಿ ಅಳಿಸಿದ. ದುಡ್ಡಿನ ಆ್ಯಪುಗಳನ್ನು ಇದರಲ್ಲಿ ಇಡಬೇಡಿ, ಸಿಮ್ ತೆಗೆದು ಬರೀ ರೆಕಾರ್ಡಿಗೆ ಇಟ್ಟುಕೊಳ್ಳಿ ಎಂದ. ಈಗ ಹಾಗೇ ಮಾಡಿದ್ದೇನೆ. ಬ್ಯಾಂಕಿಗೆ, ವಾಟ್ಸಾಪಿಗೆ ಬೇರೆ ಫೋನಿದೆ, ಅದು ತನ್ನ ಇಷ್ಟದಂತೆ ಅಪ್‌ಡೇಟ್ ಆಗುತ್ತಿರುತ್ತದೆ.

ಅಂದು ಸಂಜೆ ಬೆಂಚಿನ ಹಿರಿಯರ ಮನೆಗೆ ಹೋದೆ. ಮಗ್ಗದ ಹಿಂದೆ ಅವರೂ ಅವರ ಮನೆಯವರೂ ಎದುರುಬದುರು ಕೂತು ಹಾಸು ಕೆಚ್ಚುತ್ತಿದ್ದರು. ಬೆರಳಿಗೆ ಆಗಾಗ ಬೂದಿ ಹಚ್ಚಿಕೊಳ್ಳುವರು, ಎಳೆ ಹಿಡಿಯುವರು, ಹೊಸೆಯುವರು, ಬಿಡುವರು. ಫೋನನ್ನು ಪಕ್ಕದಲ್ಲಿಟ್ಟೆ. ಎರಡೂವರೆ ತಾಸು ಅವರು ಮಾತಾಡಿದರು, ಅದು ಆರಲಿಲ್ಲ.